ಬೈರಿಗೆಗೆ ಬದಲಿ ಬ್ಯಾಟರಿ

ತಂತಿಯಿಲ್ಲದ ವಿದ್ಯುತ್ ಬೈರಿಗೆಯ ಬ್ಯಾಟರಿ ಸೋತಿತೆಂದು ಬೈರಿಗೆಯನ್ನೇ ಮೂಲೆಗೆ ಹಾಕಬೇಡಿರಿ; ಬದಲಿ ಬ್ಯಾಟರಿ ಅಂಗಡಿಯಲ್ಲಿ ದೊರೆಯುತ್ತದೆ. ಕೊಳ್ಳುವ ಮುನ್ನ ಹಳೆಯದರ ಮೇಲಿನ ಬರಹವನ್ನು ಓದಿರಿ. ಲಿಥಿಯಂ-ಅಯಾನ್ ಕೋಶವೊಂದಕ್ಕೆ ಸುಮಾರು 3.6 ವೋಲ್ಟ್, ಐದನ್ನು ಸಾಲಾಗಿ ಜೋಡಿಸಿದರೆ 18. ಪೂರ್ತಿ ತುಂಬಿದಾಗ ಇದೇ ಐದು ಕೋಶಗಳು 20 ದಾಟುವುದರಿಂದ ಕೆಲವು ತಯಾರಕರು ‘20 ವೋಲ್ಟ್’ ಎಂದೇ ಅಚ್ಚು ಹಾಕುತ್ತಾರೆ. ಬಲ ಹೆಚ್ಚೆಂದು ನಂಬಿ ಹೆಚ್ಚು ಹಣ ತೆರಬೇಕಾಗಿಲ್ಲ! ಎಷ್ಟು ಹೊತ್ತು ದುಡಿದೀತೆಂಬುದನ್ನು ತಿಳಿಸುವುದು ಆಂಪಿಯರ್-ಗಂಟೆಯ ಅಂಕಿ.

ಹಳೆಯದು ನಿಕಲ್-ಕ್ಯಾಡ್ಮಿಯಂ ಆಗಿದ್ದರೆ, ಅದರ ಚಾರ್ಜರಿಗೆ ಲಿಥಿಯಂ ಬ್ಯಾಟರಿಯನ್ನು ಎಂದಿಗೂ ಸಿಕ್ಕಿಸಕೂಡದು. ಅತಿಯಾಗಿ ತುಂಬಿದ ಲಿಥಿಯಂ ಕೋಶ ಹೊತ್ತಿ ಉರಿಯಬಲ್ಲದು. ಅಗ್ಗದ ನಕಲಿಗಳಲ್ಲಿ ಇದನ್ನು ತಡೆಯುವ ರಕ್ಷಣಾ ಮಂಡಲವೇ ಇಲ್ಲದಿರಬಹುದು. ಇಲ್ಲಿ ಮಾತ್ರ ಜಿಪುಣತನ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯದನ್ನು ಮನೆಯ ಕಸದೊಡನೆ ಬೆರೆಸದೆ, ಸಂಗ್ರಹಿಸುವವರಿಗೆ ಒಪ್ಪಿಸತಕ್ಕದ್ದು.