ಅಣ್ವಸ್ತ್ರದ ಪಂಡಿತರು ಓದಿದ್ದೇನು?

ರೇಡಿಯೋ ವಾರ್ತೆಯಲ್ಲಿ ಅಣ್ವಸ್ತ್ರಗಳ ಪ್ರಸ್ತಾಪ ಬಂದಾಗ ‘ತಜ್ಞರ ಅಭಿಪ್ರಾಯದಂತೆ’ ಎಂಬ ಮಾತನ್ನು ನೀವು ಕೇಳಿರಬಹುದು. ಈ ತಜ್ಞರು ಓದಿರುವುದಾದರೂ ಏನು? ಬಾಂಬನ್ನು ರಚಿಸಲು ಭೌತವಿಜ್ಞಾನ ಬೇಕು, ನಿಜ. ಅದು ಸಿಡಿಯದಂತೆ ತಡೆಯುವ ಬಗೆಯನ್ನು ಚಿಂತಿಸುವವರೂ ಭೌತವಿಜ್ಞಾನಿಗಳೇ ಇರಬೇಕೆಂದು ನಾನು ಬಹುಕಾಲ ನಂಬಿದ್ದೆ. ಇದರಲ್ಲಿ ಆಸಕ್ತಿಯಿದ್ದ ನನ್ನ ಶಿಷ್ಯನೊಬ್ಬನಿಗೆ ಇತಿಹಾಸವನ್ನು ಬಿಡಿಸಿ ಭೌತವಿಜ್ಞಾನಕ್ಕೆ ಕಳುಹಿಸಿದ್ದೂ ಉಂಟು. ನನ್ನ ತಿಳಿವಳಿಕೆ ತಪ್ಪಾಗಿತ್ತು.

ಈ ವಿದ್ಯೆಗೆ ಇಂಗ್ಲಿಷಿನಲ್ಲಿ ‘ಡೆಟರೆನ್ಸ್’ ಎಂದು ಹೆಸರು. ನಾವು ಹೊಡೆದರೆ ನಮಗೂ ಹೊಡೆತ ಬೀಳುತ್ತದೆಂಬ ಭಯವನ್ನು ಹುಟ್ಟಿಸಿ ಎದುರಾಳಿಯನ್ನು ತಡೆಯುವುದೇ ಇದರ ತಿರುಳು. ಈ ಶಬ್ದದ ಲ್ಯಾಟಿನ್ ಧಾತುವಿಗೂ ನಮ್ಮ ‘ತ್ರಾಸ’ದ ಸಂಸ್ಕೃತ ಧಾತುವಿಗೂ ನಂಟುಂಟು. ಕನ್ನಡದಲ್ಲಿ ತ್ರಾಸವೆಂದರೆ ತೊಂದರೆ, ಸಂಸ್ಕೃತದಲ್ಲಿ ಅಂಜಿಕೆ. ಅಂಜಿಕೆ ಮನಸ್ಸಿನ ವಿಷಯವಲ್ಲವೇ? ಅಂತೆಯೇ ಈ ಶಾಸ್ತ್ರಕ್ಕೆ ತಳಪಾಯ ಹಾಕಿದ ಅಮೆರಿಕದ ಪಂಡಿತರಲ್ಲಿ ಹಲವರು ಬಾಂಬಿಗೆ ಬಹುದೂರದ ವಿದ್ಯೆಗಳಿಂದ ಬಂದವರು.

ಬರ್ನಾರ್ಡ್ ಬ್ರೋಡಿ 1940ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದರು. ಅವರ ಅಭ್ಯಾಸ ನೌಕಾಬಲದ ಇತಿಹಾಸ. ಸೈನ್ಯದ ಮುಖ್ಯ ಕೆಲಸ ಇನ್ನು ಮುಂದೆ ಯುದ್ಧವನ್ನು ಗೆಲ್ಲುವುದಲ್ಲ, ತಪ್ಪಿಸುವುದು ಎಂದು 1946ರಷ್ಟು ಹಿಂದೆಯೇ ವಾದಿಸಿದವರು ಅವರು. ಆಲ್ಬರ್ಟ್ ವೋಲ್‌ಸ್ಟೆಟರ್ ಓದಿದ್ದು ಗಣಿತೀಯ ತರ್ಕ.

ತಾಮಸ್ ಷೆಲ್ಲಿಂಗ್ (1921-2016) ಅವರದಂತೂ ಅರ್ಥಶಾಸ್ತ್ರ: ಬರ್ಕ್ಲಿಯಲ್ಲಿ ಪದವಿ, 1951ರಲ್ಲಿ ಹಾರ್ವರ್ಡ್ ಡಾಕ್ಟರೇಟ್. ಅವರು ಹಲವರಿಗೆ ಒಂದು ಒಗಟು ಒಡ್ಡಿದರು. ನೀವೂ ನಿಮ್ಮ ಸ್ನೇಹಿತರೂ ನ್ಯೂಯಾರ್ಕಿನಲ್ಲಿ ಇಂಥ ದಿನ ಭೇಟಿಯಾಗಬೇಕು. ಸ್ಥಳ, ವೇಳೆ ಗೊತ್ತಾಗಿಲ್ಲ. ಒಬ್ಬರನ್ನೊಬ್ಬರು ಕೇಳುವಂತೆಯೂ ಇಲ್ಲ. ಎಲ್ಲಿಗೆ ಹೋಗುತ್ತೀರಿ? ಬಹುಮಂದಿ ಗ್ರ್ಯಾಂಡ್ ಸೆಂಟ್ರಲ್ ರೈಲ್ವೆ ನಿಲ್ದಾಣವೆಂದರು. ವೇಳೆ ಮಧ್ಯಾಹ್ನ ಹನ್ನೆರಡು. ಮಾತಿಲ್ಲದೆಯೂ ಮನಸ್ಸುಗಳು ಎದ್ದುಕಾಣುವ ಒಂದು ಗುರುತಿನಲ್ಲಿ ಕೂಡುತ್ತವೆ. ವೈರಿಗಳ ನಡುವೆಯೂ ಹೀಗೆಯೇ ಎಂದರು ಷೆಲ್ಲಿಂಗ್. ಅಣ್ವಸ್ತ್ರವನ್ನು ‘ಸ್ವಲ್ಪ’ ಬಳಸುವುದೆಂದರೆ ಎಷ್ಟು? ಅದಕ್ಕೆ ಗೆರೆಯೇ ಇಲ್ಲ. ‘ಒಂದೂ ಬೇಡ’ ಎಂಬ ಗೆರೆಯಾದರೋ ಇಬ್ಬರಿಗೂ ಕಾಣುತ್ತದೆ. ಒಮ್ಮೆ ಅಳಿಸಿದರೆ ಮತ್ತೆ ಎಳೆಯುವುದು ಕಷ್ಟ. ವಾಷಿಂಗ್ಟನ್ನಿಗೂ ಮಾಸ್ಕೋಗೂ ನೇರ ಸಂಪರ್ಕವಿರಬೇಕೆಂದು ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. ಕ್ಯೂಬಾದ ಗಂಡಾಂತರ ಕಳೆದ ಮರುವರ್ಷ, 1963ರಲ್ಲಿ, ಅದು ಬಂತು. (ಚಲನಚಿತ್ರಗಳಲ್ಲಿ ತೋರಿಸುವ ಕೆಂಪು ಟೆಲಿಫೋನ್ ಅಲ್ಲ, ಟೆಲಿಪ್ರಿಂಟರ್ ಯಂತ್ರ.) 2005ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಭೌತವಿಜ್ಞಾನ ಬೇಡವೆಂದಲ್ಲ. ಯುರೇನಿಯಮ್ಮಿನ ಲೆಕ್ಕ ತಿಳಿಯದವನು ಒಪ್ಪಂದಗಳ ತಪಾಸಣೆಯನ್ನು ಹೇಗೆ ಮಾಡಿಯಾನು? ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯನ್ನೇ ನೋಡಿ. 1988ರಲ್ಲಿ ಆರಂಭವಾದ ಅದರ ಮೊದಲ ನಿರ್ದೇಶಕರು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ. ಪಿಯಾನೋ ವಾದನದಲ್ಲೂ ನುರಿತವರು. ಅಲ್ಲಿ ವಿಜ್ಞಾನಿಗಳೂ ಸಮಾಜಶಾಸ್ತ್ರ, ಮಾನವಿಕಗಳನ್ನು ಓದಿದವರೂ ಒಂದೇ ಸೂರಿನಡಿ ಕೆಲಸ ಮಾಡುತ್ತಾರೆ. ದೇಶರಕ್ಷಣೆಯ ಅಧ್ಯಯನಗಳೂ ನಡೆದುಬಂದಿವೆ. ನನ್ನ ಆ ಶಿಷ್ಯನಿಗೆ ಇಷ್ಟನ್ನೂ ತಿಳಿಸಿ ಮೊನ್ನೆ ಒಂದು ಕಾಗದ ಬರೆದಿದ್ದೇನೆ.