ಯಂತ್ರದೋಣಿಗೆ ತಕ್ಕ ಪ್ರೊಪೆಲ್ಲರು

ಕಡಲಿನಿಂದ ದೂರವಿರುವ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಗೃಹಸ್ಥರಿಗೆ ಯಂತ್ರದೋಣಿಯ ವಿಚಾರವು ಏತಕ್ಕೆ ಬೇಕೆಂದು ನಮ್ಮ ವಾಚಕರಲ್ಲಿ ಕೆಲವರಿಗಾದರೂ ಅನ್ನಿಸದೆ ಇರದು. ನಮ್ಮ ಸೀಮೆಯ ಹೊಳೆಗಳು ವರದೆ ಮತ್ತು ತುಂಗಭದ್ರೆ; ಅವೆರಡೂ ಗಳಗನಾಥದಲ್ಲಿ ಕೂಡುವವು. ಈ ಹೊಳೆಗಳನ್ನು ನಮ್ಮ ಹಿರಿಯರು ದಾಟಿದ್ದು ಹರಿಗೋಲಿನಲ್ಲಿ. ಹರಿಗೋಲಿಗೆ ಮುಂದು ಹಿಂದು ಎಂಬ ಭೇದವಿಲ್ಲ. ಹುಟ್ಟು ಹಾಕುವವನ ತೋಳೇ ಅದರ ಎಂಜಿನು. 2019ರ ಆಗಸ್ಟಿನಂಥ ನೆರೆಯ ಕಾಲದಲ್ಲಿ ರಕ್ಷಣೆಯ ಕಾರ್ಯಕ್ಕಾಗಿ ಬರುವ ರಬ್ಬರು ದೋಣಿಗಳನ್ನು ಬಿಟ್ಟರೆ ಯಂತ್ರದ ದೋಣಿಯು ನಮ್ಮವರ ಕಣ್ಣಿಗೆ ಬೀಳುವದೇ ಅಪರೂಪ.

ಆದರೆ ನಮ್ಮ ಮನೆಗಳ ತರುಣರು ಈಗ ಹಾನಗಲ್ಲು, ಶಿರಸಿಗಳ ಮೇಲಿಂದ ಘಟ್ಟವನ್ನಿಳಿದು ಕುಮಟೆ, ಕಾರವಾರಗಳಲ್ಲಿ ಉದ್ಯೋಗ ಹೂಡುತ್ತಿದ್ದಾರೆ. ಪ್ರವಾಸಿಗರನ್ನು ದೋಣಿಯಲ್ಲಿ ವಿಹಾರಕ್ಕೊಯ್ಯುವ ವ್ಯವಸಾಯವೂ ಅವುಗಳಲ್ಲೊಂದು. ದೋಣಿಯು ಅಲ್ಲಿಯದಾದರೂ ಅದಕ್ಕೆ ಹಾಕುವ ಹಣವು ಇಲ್ಲಿಯ ಹೊಲದ್ದು, ಇಲ್ಲಿಯ ಅಡತಿ ಅಂಗಡಿಯದು. ಆದುದರಿಂದ ಈ ವಿಷಯವನ್ನು ತಂದೆ ತಾಯಂದಿರೂ ಕೊಂಚ ತಿಳಿದಿರುವದು ಒಳಿತು.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಯ ತರುಣನೊಬ್ಬನು, ಹಿಂದೆ ನಮ್ಮಲ್ಲಿ ಕಲಿತವನು, ಇಬ್ಬರು ಗೆಳೆಯರೊಡನೆ ಕೂಡಿ ಒಂದು ಹಳೆಯ ವಿಹಾರದೋಣಿಯನ್ನು ಕೊಂಡನು. ಎಂಜಿನು ದೋಣಿಯ ಒಳಗೆ ಹಿಂಬದಿಯಲ್ಲಿ ಕುಳಿತು, ಅದರ ಶಕ್ತಿಯನ್ನು ಹೊರಗೆ ಇಳಿಬಿಟ್ಟ ಕಾಲೊಂದು ನೀರಿಗೆ ಮುಟ್ಟಿಸುವ ಜಾತಿಯ ದೋಣಿಯದು. ಈ ರಚನೆಗೆ ಸ್ಟರ್ನ್‌ಡ್ರೈವ್ ಎಂದು ಹೆಸರು. ಅಮೇರಿಕದ ಜಿಮ್ ವಿನ್ ಎಂಬವನ ಕಲ್ಪನೆಯನ್ನು ಕೈಕೊಂಡು ಸ್ವೀಡನ್ನಿನ ವೋಲ್ವೋ ಪೆಂಟಾ ಕಂಪನಿಯವರು 1959ರಲ್ಲಿ ಇದನ್ನು ಪೇಟೆಗೆ ತಂದರು. ನಮ್ಮ ತರುಣನ ದೋಣಿಯು ಒಬ್ಬಿಬ್ಬರನ್ನು ಹೊತ್ತಾಗ ಅಂದವಾಗಿ ಓಡುವದು. ಎಂಟು ಜನರು ಕುಳಿತರೆ ಮೂತಿಯನ್ನು ಮೇಲಕ್ಕೆತ್ತಿ, ಹಿಂಬದಿಯನ್ನು ನೀರಿನಲ್ಲಿ ಹುಗಿದುಕೊಂಡು ತೆವಳುವದು. ದುರಸ್ತಿಯವನೊಬ್ಬನು ಎಂಜಿನನ್ನು ಪೂರ್ತಿ ಬಿಚ್ಚಬೇಕೆಂದು ಹೇಳಿ, ಮೂವರೂ ಬೆಚ್ಚುವಷ್ಟು ಖರ್ಚಿನ ಅಂದಾಜು ಕೊಟ್ಟನು. “ಸರ, ಊರಾಗ ಅಪ್ಪಾರಿಗೆ ಏನಂತ ಹೇಳ್ಲಿರೀ?” ಎಂದು ಹುಡುಗನು ದೂರವಾಣಿಯಲ್ಲಿ ಕೇಳಿದನು.

ನಾವು ಅವನಿಂದ ಮೂರು ಅಂಕೆಗಳನ್ನು ಕೇಳಿದೆವು. ಎಂಜಿನಿನ ಪುಸ್ತಕದಲ್ಲಿ, ಹಿಡಿಯನ್ನು ಪೂರ್ತಿ ತೆರೆದಾಗ ಅದು ನಿಮಿಷಕ್ಕೆ 4400ರಿಂದ 4800 ಸುತ್ತು ತಿರುಗತಕ್ಕದ್ದೆಂದು ಬರೆದಿತ್ತು. ಎಂಟು ಜನರು ಕುಳಿತಾಗ ದೋಣಿಯ ಸುತ್ತುಮಾಪಕದ ಮುಳ್ಳು 3900ಕ್ಕೇ ನಿಲ್ಲುತ್ತಿತ್ತು. ಪ್ರೊಪೆಲ್ಲರಿನ ನಡುಗುಂಬದ ಮೇಲೆ ಕೆತ್ತಿದ ಪಿಚ್ಚು 21. ಎಂಜಿನನ್ನು ಬಿಚ್ಚುವ ಮೊದಲು ಪ್ರೊಪೆಲ್ಲರನ್ನು ಬದಲಿಸಿ ನೋಡೆಂದು ನಾವು ಹೇಳಿದೆವು. ಸಂಸ್ಕೃತದ ಮಾಸ್ತರನಿಗೆ ಇದು ಹೇಗೆ ತಿಳಿಯಿತೆಂದು ನಗುವವರು ನಗಲಿ; ಎಂಜಿನಿನೊಡನೆ ಬರುವ ಪುಸ್ತಕವನ್ನು ಕೊಂಡವರು ಓದುವದಿಲ್ಲ, ನಾವು ಓದುತ್ತೇವೆ, ಭೇದವು ಇಷ್ಟೇ.

ಪಿಚ್ಚು ಎಂದರೇನು? ತಿರುಪುಮೊಳೆಯನ್ನು ಕಟ್ಟಿಗೆಯಲ್ಲಿ ಒಂದು ಸುತ್ತು ತಿರುವಿದರೆ ಅದು ಎಷ್ಟು ಒಳಕ್ಕೆ ಇಳಿಯುವದೋ ಅದೇ ಅದರ ಪಿಚ್ಚು. ಎಳೆಗಳು ಒತ್ತಾಗಿದ್ದರೆ ಕೊಂಚವೇ ಇಳಿಯುವದು, ಆದರೆ ತಿರುವುವದು ಹಗುರ. ಎಳೆಗಳು ವಿರಳವಾಗಿದ್ದರೆ ಹೆಚ್ಚು ಇಳಿಯುವದು, ಆದರೆ ಮಣಿಕಟ್ಟು ನೋಯುವದು. ಪ್ರೊಪೆಲ್ಲರೂ ಒಂದು ತಿರುಪೇ. ಅದರ ಮೇಲೆ 14 × 19 ಎಂದು ಬರೆದಿದ್ದರೆ ಮೊದಲನೆಯ ಅಂಕೆಯು ವ್ಯಾಸ, ಎರಡನೆಯದು ಪಿಚ್ಚು, ಎರಡೂ ಅಂಗುಲಗಳಲ್ಲಿ. ಅಂದರೆ ನೀರು ಕಟ್ಟಿಗೆಯಂತೆ ಗಟ್ಟಿಯಾಗಿದ್ದ ಪಕ್ಷದಲ್ಲಿ ಒಂದು ಸುತ್ತಿಗೆ ಅದು 19 ಅಂಗುಲ ಮುಂದೆ ಸಾಗುವದು. ನೀರಾದರೋ ಜಾರುವ ಪದಾರ್ಥ. ಚೆನ್ನಾಗಿ ಓಡುವ ವಿಹಾರದೋಣಿಯಲ್ಲಿಯೂ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಈ ಜಾರಿಕೆಯಲ್ಲಿ ಹೋಗುವದು. (ಅಮರಕೋಶದ ವಾರಿವರ್ಗದಲ್ಲಿ ಹುಟ್ಟಿಗೆ ಕ್ಷೇಪಣಿಯೆಂದೂ ಚುಕ್ಕಾಣಿಗೆ ಅರಿತ್ರವೆಂದೂ ಶಬ್ದಗಳುಂಟು, ಪ್ರೊಪೆಲ್ಲರಿಗೆ ಇರುವ ಸಂಭವವೇ ಇಲ್ಲ. ಕರಾವಳಿಯ ಮೀನುಗಾರರು ಇದನ್ನು ಫ್ಯಾನು ಎನ್ನುವರು. ನಾವು ಹೊಸ ಶಬ್ದವನ್ನು ಕಟ್ಟುವ ಗೋಜಿಗೆ ಹೋಗುವದಿಲ್ಲ.)

ತಿರುಪು ಉದ್ದವಾದಷ್ಟೂ ಲಾಭವೆಂದು ಮೊದಲಿಗೆ ಬಲ್ಲವರೂ ನಂಬಿದ್ದರು. ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬ ಒಕ್ಕಲಿಗನು 1836ರಲ್ಲಿ ತನ್ನ ತಿರುಪಿಗೆ ಹಕ್ಕುಪತ್ರ ಪಡೆದನು. ಎರಡು ಪೂರ್ಣ ಸುತ್ತುಗಳುಳ್ಳ ಕಟ್ಟಿಗೆಯ ಆ ತಿರುಪನ್ನು ದೋಣಿಗೆ ಜೋಡಿಸಿ 1837ರಲ್ಲಿ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಓಡಿಸುತ್ತಿರಲು ಅದು ಏನಕ್ಕೋ ತಗಲಿ ಅರ್ಧಕ್ಕೆ ಮುರಿಯಿತು. ಕೂಡಲೆ ದೋಣಿಯು ಮೊದಲಿಗಿಂತ ವೇಗವಾಗಿ ಓಡತೊಡಗಿತು! ಗಣಿತವು ಹೇಳದೆ ಇದ್ದುದನ್ನು ನೀರು ಹೇಳಿತು.

ಗೋವಿನಜೋಳದ ಚೀಲಗಳನ್ನು ಹೇರಿದ ಟ್ರ್ಯಾಕ್ಟರನ್ನು ಏರಿನಲ್ಲಿ ಮೇಲಿನ ಗೇರಿನಲ್ಲಿಯೇ ಹೊಡೆದರೆ ಏನಾಗುವದೆಂಬದು ನಮ್ಮ ರೈತರಿಗೆಲ್ಲ ಗೊತ್ತು: ಎಂಜಿನು ನರಳುವದು, ಬಡಿಯುವದು, ಕಾಯುವದು. ಹೆಚ್ಚು ಪಿಚ್ಚು ಮೇಲಿನ ಗೇರಿನಂತೆ, ಕಡಿಮೆ ಪಿಚ್ಚು ಕೆಳಗಿನ ಗೇರಿನಂತೆ. ಟ್ರ್ಯಾಕ್ಟರಿನವನು ಏರು ಬಂದಾಗ ಗೇರು ಬದಲಿಸುವನು. ದೋಣಿಯವನಿಗೆ ಈ ಸೌಲಭ್ಯವಿಲ್ಲ. ಮುಂದಕ್ಕೆ ಹೋಗಲು ಅವನಿಗೆ ಒಂದೇ ಗೇರು, ಅದೂ ದಂಡೆಯ ಮೇಲೆ ಪ್ರೊಪೆಲ್ಲರನ್ನು ಕೊಳ್ಳುವಾಗಲೇ ನಿರ್ಣಯವಾಗಿಬಿಡುವದು. ಆಯ್ಕೆಗೆ ಇಷ್ಟು ಮಹತ್ವ ಬಂದುದು ಇದರಿಂದಲೇ. ಪಿಚ್ಚು ಹೆಚ್ಚಾದರೆ ಎಂಜಿನು ತನ್ನ ನಿಯಮಿತ ಸುತ್ತುಗಳನ್ನು ಮುಟ್ಟದೆ, ಹೊರೆಯಡಿಯಲ್ಲಿ ಬೆಂದು ಅಕಾಲದಲ್ಲಿ ಕೆಡುವದು. ಕಡಿಮೆಯಾದರೆ ಮಿತಿಯನ್ನು ಮೀರಿ ತಿರುಗಿ ಸವೆಯುವದು. ಎರಡರಲ್ಲಿ ಮೊದಲನೆಯದೇ ಹೆಚ್ಚು ಮೋಸದ್ದೆಂದು ನಮ್ಮ ಮತ. ಏಕೆಂದರೆ ಮಿತಿಮೀರಿದ ಸುತ್ತು ಕಿವಿಗೆ ಕೇಳುವದು, ಮುಳ್ಳಿನಲ್ಲಿ ಕಾಣುವದು, ಹೊಸ ಎಂಜಿನುಗಳಾದರೆ ತಾವೇ ತಡೆದುಕೊಳ್ಳುವವು. ಹೊರೆಯ ಬೇನೆಯು ಮೌನವಾಗಿ ಬೆಳೆಯುವದು.

ಲೆಕ್ಕವು ಸುಲಭವಾದದ್ದು. ಪಿಚ್ಚನ್ನು ಒಂದು ಅಂಗುಲ ಇಳಿಸಿದರೆ ಎಂಜಿನಿನ ಸುತ್ತು ನಿಮಿಷಕ್ಕೆ ಸುಮಾರು 150ರಿಂದ 200 ಏರುವದು. ಏರಿಸಿದರೆ ಅಷ್ಟೇ ಇಳಿಯುವದು. ನಮ್ಮ ತರುಣನ ದೋಣಿಯಲ್ಲಿ 21ರಿಂದ 17ಕ್ಕೆ ಇಳಿದರೆ ನಾಲ್ಕು ಅಂಗುಲ, ಅಂದರೆ 600ರಿಂದ 800 ಸುತ್ತು. 3900ಕ್ಕೆ ಕೂಡಿಸಿದರೆ 4500ರಿಂದ 4700. ಎಂಟು ಜನರೊಡನೆ ನೀರಿಗಿಳಿಸಿದಾಗ ಮುಳ್ಳು 4600ರ ಆಸುಪಾಸಿಗೆ ಬಂದು ನಿಂತಿತು, ದೋಣಿಯು ಎದ್ದು ನೀರಿನ ಮೇಲೆ ಜಾರತೊಡಗಿತು.

ಆದರೆ ಅವನ ಗೆಳೆಯನೊಬ್ಬನು ತರ್ಕಶೀಲನು. “21ರ ಪ್ರೊಪೆಲ್ಲರೇ ವೇಗದ್ದಲ್ಲವೇ?” ಎಂದು ಅವನು ಪಟ್ಟುಹಿಡಿದನು. ಕಾಗದದ ಮೇಲೆ ಅವನ ಮಾತು ಸರಿ. ಎಂಜಿನು ಎರಡು ಸುತ್ತು ತಿರುಗಿದಾಗ ಪ್ರೊಪೆಲ್ಲರು ಒಂದು ಸುತ್ತು ತಿರುಗುವ ಗೇರಿದ್ದರೆ, 3900ಕ್ಕೆ 1950. ಅದನ್ನು 21ರಿಂದ ಗುಣಿಸಿ ಮೀಟರಿಗೆ ತಿರುಗಿಸಿದರೆ ಗಂಟೆಗೆ ಸುಮಾರು 62 ಕಿಲೋಮೀಟರು. 17ರದೋ, 2300 ಸುತ್ತಿಗೆ 60 ಕಿಲೋಮೀಟರು ಕೂಡ ತುಂಬದು. ಆದರೆ ಮೂತಿಯೆತ್ತಿ ತೆವಳುವ ದೋಣಿಯಲ್ಲಿ ಆ 62ರ ಬಹುಭಾಗವು ಜಾರಿಕೆಗೇ ಬಲಿ. ಎದ್ದು ಓಡುವ ದೋಣಿಯಲ್ಲಿ ನೂರಕ್ಕೆ ಹದಿನೈದು ಕಳೆದರೂ ಸುಮಾರು 50 ಉಳಿಯುವದು. ಪ್ರವಾಸಿಗರು ಕಾಗದದ ಮೇಲೆ ವಿಹರಿಸುವದಿಲ್ಲ. ಇನ್ನು, ದೋಣಿಯಲ್ಲಿ ಒಬ್ಬನೇ ಇದ್ದಾಗ 17ರ ಪ್ರೊಪೆಲ್ಲರು 4800ನ್ನು ದಾಟಲು ಹವಣಿಸುವದೂ ನಿಜ. ಆಗ ಹಿಡಿಯನ್ನು ತುಸು ಹಿಂದಕ್ಕೆ ಎಳೆದರಾಯಿತು.

ಪರೀಕ್ಷೆಯನ್ನು ಮಾಡುವ ಕ್ರಮವು ತಿಳಿದಿರಬೇಕು. ದಿನನಿತ್ಯ ಎಷ್ಟು ಜನರನ್ನು ಕೂಡಿಸುವದಿದೆಯೋ ಅಷ್ಟು ಭಾರವನ್ನೇ ಹೇರಬೇಕು, ಎಣ್ಣೆಯ ಟಾಕಿಯನ್ನು ತುಂಬಿರಬೇಕು, ನೀರು ಶಾಂತವಾಗಿರಬೇಕು. ಅದಕ್ಕೂ ಮೊದಲು ದೋಣಿಯ ತಳವನ್ನು ನೋಡಬೇಕು. ಉಪ್ಪುನೀರಿನಲ್ಲಿ ಬಹುಕಾಲ ಕಟ್ಟಿಹಾಕಿದ ದೋಣಿಗೆ ಪಾಚಿಯೂ ಚಿಪ್ಪಿನ ಜಂತುಗಳೂ ಅಂಟಿಕೊಂಡು ಸುತ್ತನ್ನು ಇಳಿಸುವವು. ಕೆರೆಯುವದರಿಂದ ನೀಗುವ ತೊಂದರೆಗೆ ಹೊಸ ಪ್ರೊಪೆಲ್ಲರನ್ನು ಕೊಂಡವರುಂಟು. ಇದಕ್ಕೆ ವಿರುದ್ಧವಾಗಿ, ಎಂಜಿನು ಒಮ್ಮೆಲೆ ಅಬ್ಬರಿಸಿ ದೋಣಿಯು ಮುಂದೆ ಹೋಗದಿದ್ದರೆ ಅದು ಪಿಚ್ಚಿನ ದೋಷವಲ್ಲ: ತಿರುವಿನಲ್ಲಿ ಪ್ರೊಪೆಲ್ಲರು ಗಾಳಿಯನ್ನು ನುಂಗಿರಬಹುದು, ಇಲ್ಲವೆ ನಡುಗುಂಬದೊಳಗಿನ ರಬ್ಬರು ಸಡಿಲಾಗಿ ಅಚ್ಚು ಮಾತ್ರ ತಿರುಗುತ್ತಿರಬಹುದು.

ನೆಲದ ಎತ್ತರವನ್ನೂ ಲೆಕ್ಕಕ್ಕೆ ತಕ್ಕೊಳ್ಳಬೇಕು, ಇದನ್ನು ಬಹಳ ಜನರು ಮರೆಯುವರು. ಕಾರವಾರದಲ್ಲಿ ಸರಿಹೋದ ದೋಣಿಯನ್ನು ಲಾರಿಯ ಮೇಲೆ ಹೇರಿ ಲಿಂಗನಮಕ್ಕಿಯ ಹಿನ್ನೀರಿಗೆ ತಂದರೆ ಅದು ಮಂಕಾದಂತೆ ತೋರುವದು. ಆ ಜಲಾಶಯವು ತುಂಬಿದಾಗ ನೀರಿನ ಮಟ್ಟವು ಸಮುದ್ರದಿಂದ 1819 ಅಡಿ. ತುಂಗಭದ್ರಾ ಜಲಾಶಯದ್ದು 1633 ಅಡಿ. ಮೇಲೇರಿದಂತೆ ಗಾಳಿಯು ತೆಳುವಾಗುವದರಿಂದ ಸಾಧಾರಣ ಪೆಟ್ರೋಲು ಎಂಜಿನು ಸಾವಿರ ಅಡಿಗೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿಯನ್ನು ಕಳಕೊಳ್ಳುವದು. ಈ ಎರಡು ಎಡೆಗಳಲ್ಲಿಯೂ ನಷ್ಟವು ನೂರಕ್ಕೆ ಐದರ ಹತ್ತಿರ. ಅಲ್ಲಿ ಮತ್ತೆ ಅಳೆದು ನೋಡಿ, ಮುಳ್ಳು ಕೆಳಗೆ ನಿಂತರೆ ಪಿಚ್ಚನ್ನು ಅದಕ್ಕೆ ತಕ್ಕಂತೆ ಇಳಿಸಬೇಕು.

ಅಲ್ಯೂಮಿನಿಯಮ್ಮೋ ಉಕ್ಕೋ ಎಂಬ ಚರ್ಚೆಯು ಎರಡನೆಯದು. ಉಕ್ಕಿನ ದಳಗಳು ಬಾಗುವದಿಲ್ಲ, ಬೆಲೆಯು ಬಹಳ; ಬಂಡೆ ಮರಳುಗಳುಳ್ಳ ಆಳವಿಲ್ಲದ ನೀರಿಗೆ ಅಲ್ಯೂಮಿನಿಯಮ್ಮೇ ಸಾಕು, ಪೆಟ್ಟು ಬಿದ್ದರೆ ಅದು ತಾನು ಮುರಿದು ಕಾಲಿನೊಳಗಿನ ಗೇರನ್ನು ಉಳಿಸುವ ಸಂಭವವಾದರೂ ಉಂಟು. ಮೂರು ದಳಗಳ ಬದಲು ನಾಲ್ಕು ದಳಗಳನ್ನು ಹಾಕಿದರೆ ಹೊರೆ ಹೊತ್ತ ದೋಣಿಯು ಬೇಗನೆ ಏಳುವದು, ಸುತ್ತು ಕೊಂಚ ಇಳಿಯುವದು.

ಕೊಳ್ಳುವವನು ಅಂಗಡಿಯವನೊಡನೆ, ಪೆಟ್ಟು ಬೀಳದ ಪ್ರೊಪೆಲ್ಲರನ್ನು ಪರೀಕ್ಷೆಯ ನಂತರ ಬದಲಿಸಿಕೊಡುವ ಕರಾರನ್ನು ಮೊದಲೇ ಮಾಡಿಕೊಳ್ಳಬೇಕು. ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಬೇಕು. ತೆಗೆದಿಟ್ಟ ಹಳೆಯದನ್ನು ಮಾರದೆ ಗೋಣಿತಟ್ಟಿನಲ್ಲಿ ಸುತ್ತಿ, ಅದರ ಬಿಲ್ಲೆ, ತಿರುಗಣೆಗಳೊಡನೆ ಆಸನದ ಕೆಳಗೆ ಇಟ್ಟುಕೊಂಡರೆ ನಡುನೀರಿನಲ್ಲಿ ದಳ ಮುರಿದ ದಿನ ನಿಧಾನವಾಗಿಯಾದರೂ ದಂಡೆಯನ್ನು ಮುಟ್ಟಬಹುದು. ಬದಲಿಸುವಾಗ ಎಂಜಿನಿನ ಕೀಲಿಕೈಯನ್ನು ತೆಗೆದು ತಮ್ಮ ಜೇಬಿನಲ್ಲಿಯೇ ಹಾಕಿಕೊಳ್ಳತಕ್ಕದ್ದು.