ತತ್ತಿ ಗಿರಿರಾಜದ್ದು, ಕಾವು ಜವಾರಿಯದ್ದು

ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ಸಂಜೆ ಹೊತ್ತು ಟೊಮೆಟೊ ಮೊಗ್ಗು ಬಿಡಿಸಿ ಅದರ ಗಂಡು ಭಾಗ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸುತ್ತಾರೆ. ಇದು ಕ್ರಾಸಿಂಗ್ ಕೆಲಸ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ರೂಪಿಸಿದ ವರಲಕ್ಷ್ಮಿ ಹತ್ತಿ 1972ರಲ್ಲಿ ಬಂದ ಮೇಲೆ ಇಲ್ಲಿನ ರೈತರಿಗೆ ಹೈಬ್ರಿಡ್ ಬೀಜದ ಮರ್ಮ ಚೆನ್ನಾಗಿಯೇ ತಿಳಿದಿದೆ. ಈ ವರ್ಷ ಬೆಳೆ ಕೈತುಂಬ ಬಂತೆಂದು ಅದೇ ಬೀಜ ಎತ್ತಿಟ್ಟು ಬಿತ್ತಿದರೆ, ಮುಂದಿನ ವರ್ಷ ಒಂದೊಂದು ಗಿಡ ಒಂದೊಂದು ತರ. ಇಷ್ಟು ಬಲ್ಲವರೂ ಹಿತ್ತಲ ಕೋಳಿಯ ಮುಂದೆ ಈ ಮಾತನ್ನು ಮರೆಯುವುದೇ ಸೋಜಿಗ.

ಮರೆಸುವ ಕೋಳಿಯ ಹೆಸರು ಗಿರಿರಾಜ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೈಕೆಳಗಿದ್ದ ಹೆಬ್ಬಾಳದ ಪಶುವೈದ್ಯ ಕಾಲೇಜು 1989ರಲ್ಲಿ ಹೊರತಂದ ತಳಿ. ವೈಟ್ ಪ್ಲಿಮತ್ ರಾಕ್, ರೆಡ್ ಕಾರ್ನಿಷ್, ನ್ಯೂ ಹ್ಯಾಂಪ್‌ಶೈರ್ ಎಂಬ ಪರದೇಶದ ಕೋಳಿಗಳ ಮಿಶ್ರಣ ಅದು. ಆದರೂ ಪುಕ್ಕದ ಬಣ್ಣ ನಮ್ಮೂರ ಕೋಳಿಯಂತೆ ತರಾವರಿ. ಜವಾರಿ ಹೇಟೆ ವರ್ಷಕ್ಕೆ 50–60 ತತ್ತಿ ಇಟ್ಟರೆ ಗಿರಿರಾಜ 130–150 ಇಡುತ್ತದೆ. 2005ರಲ್ಲಿ ಬಂದ ಸ್ವರ್ಣಧಾರ ಇನ್ನೂ ಮುಂದೆ. ಮರಿ ತಂದು ಸಾಕುವವರಿಗೆ ಇವು ಒಳ್ಳೆಯ ಕೋಳಿಗಳೇ. ಮೊದಲ ಸಲ ಮನೆಯಲ್ಲೇ ಮರಿ ಮಾಡಿಸಲು ಹೊರಟವರ ಲೆಕ್ಕ ತಪ್ಪುವುದು ಇಲ್ಲಿಯೇ. ಒಂದು, ಇವುಗಳ ಮರಿಗಳಲ್ಲಿ ತಾಯಿಯ ಗುಣ ಹಾಗೆಯೇ ಇಳಿಯುವ ಖಾತ್ರಿಯಿಲ್ಲ. ಇನ್ನೊಂದು, ಇವು ಸಾಮಾನ್ಯವಾಗಿ ಕಾವಿಗೇ ಕೂಡುವುದಿಲ್ಲ. ಕಾವಿಗೆ ಕೂತ ಕೋಳಿ ತತ್ತಿ ನಿಲ್ಲಿಸುತ್ತದೆ. ಹಾಗಾಗಿ ತತ್ತಿಯ ಸಂಖ್ಯೆಯ ಬೆನ್ನು ಹತ್ತಿದ ತಳಿ ಆಯ್ಕೆಯಲ್ಲಿ ಆ ತಾಯ್ತನವೇ ತಲೆಮಾರುಗಳ ಹಿಂದೆ ಸೋಸಿಹೋಗಿದೆ.

ಅದಕ್ಕೇ ಹಳ್ಳಿಗಳಲ್ಲಿ ಗಿರಿರಾಜದ ತತ್ತಿಯನ್ನು ಜವಾರಿ ಹೇಟೆಯ ಹೊಟ್ಟೆಯಡಿ ಇಡುವ ಉಪಾಯ. ಮರಿಯೇನೋ ಬರುತ್ತದೆ. ಆದರೆ ಅಷ್ಟು ಒಳ್ಳೆಯ ಕಾವನ್ನು ಗುಣ ಚದುರಿದ ತತ್ತಿಗೆ ಖರ್ಚು ಮಾಡುವುದು ನನ್ನ ಮಟ್ಟಿಗೆ ನಷ್ಟದ ವ್ಯವಹಾರ. ಮರಿ ಮಾಡಿಸುವುದಾದರೆ ಜವಾರಿ ತತ್ತಿ, ಜವಾರಿ ಕಾವು. ಗಿರಿರಾಜ ಬೇಕಿದ್ದರೆ ಪ್ರತಿ ಸಲ ಹೊಸ ಮರಿ ಕೊಳ್ಳುವುದೇ ಸರಿ.

ಹೊತ್ತು ಯಾವುದು? ದಸರೆಯಿಂದ ಶಿವರಾತ್ರಿಯವರೆಗೆ. ಹಾವೇರಿ ಜಿಲ್ಲೆಯ ಗೋವಿನಜೋಳ ಆಗ ಒಕ್ಕಣೆಗೆ ಬಂದು ಕಣದ ತುಂಬ ಕಾಳು ಚೆಲ್ಲಿರುತ್ತದೆ, ಬಿಸಿಲೂ ಹದವಾಗಿರುತ್ತದೆ. ತಗಡಿನ ಮನೆಯ ಏಪ್ರಿಲ್ ಮಧ್ಯಾಹ್ನ ಕಾವಿಗೆ ವೈರಿ. 27 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎತ್ತಿಟ್ಟ ತತ್ತಿಯೊಳಗಿನ ಜೀವ ಅರ್ಧಂಬರ್ಧ ಬೆಳೆಯತೊಡಗಿ ಕೆಡುತ್ತದೆ. ತತ್ತಿ ವಾರದೊಳಗಿನದಿರಲಿ, ಸೀಳಿಲ್ಲದ್ದಿರಲಿ, ತೊಳೆಯಬೇಡಿ. ಒಂದು ಹೇಟೆಗೆ ಹತ್ತು ಹನ್ನೆರಡು ಸಾಕು. ಬುಟ್ಟಿಯಲ್ಲಿ ಮರಳು ಅಥವಾ ಹೊಟ್ಟು ಹಾಸಿ ಕೂಡಿಸಿದರೆ 21ನೇ ದಿನ ಚಿಪ್ಪು ಒಡೆಯುತ್ತದೆ. ವಾರ ಕಳೆದ ಮೇಲೆ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದರೆ ಜೀವ ಕಟ್ಟಿದ ತತ್ತಿಯಲ್ಲಿ ಕೆಂಪು ನರಗಳ ಜಾಲ ಕಾಣುತ್ತದೆ. ಬರಿದಾಗಿ ಬೆಳಗುವ ತತ್ತಿಯನ್ನು ತೆಗೆದುಬಿಡಬಹುದು. ತತ್ತಿ ಹೊರಳಿಸುವುದು, 37.5 ಡಿಗ್ರಿಯ ಆಸುಪಾಸಿನಲ್ಲಿ ಶಾಖ ಹಿಡಿಯುವುದು, ಯಂತ್ರಕ್ಕೆ ಕರೆಂಟ್ ಬೇಡುವ ಈ ಕೆಲಸವನ್ನೆಲ್ಲ ಹೇಟೆ ತಾನೇ ಮಾಡಿಕೊಳ್ಳುತ್ತದೆ.

ಗುಡುಗಿಗೆ ತತ್ತಿ ಕೆಡದಿರಲೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು, ಒಣಮೆಣಸಿನಕಾಯಿ ಇಡುವ ರೂಢಿ ದಕ್ಷಿಣದ ಹಲವು ಹಳ್ಳಿಗಳಲ್ಲಿದೆ. ಗುಡುಗಿಗೂ ಮೆಣಸಿನಕಾಯಿಗೂ ಸಂಬಂಧವಿಲ್ಲ, ಬಿಡಿ. ಕೋಳಿಗೂ ಮೆಣಸಿನಕಾಯಿಗೂ ಮಾತ್ರ ಇದೆ. ಹಕ್ಕಿಗಳಿಗೆ ಖಾರ ನಾಟುವುದಿಲ್ಲ. ಬಾಯಿ ಉರಿಸುವ ಕ್ಯಾಪ್ಸೈಸಿನ್ ಅವುಗಳ ನರಕ್ಕೆ ತಾಗದು. 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಬ್ಯಾಡಗಿ ಮೆಣಸಿನಕಾಯಿಯಂತೂ ಖಾರ ಕಡಿಮೆ, ಬಣ್ಣ ಹೆಚ್ಚು. ಇಂಥ ಕಾಯಿಂದ ತೆಗೆದ ಕೆಂಪು ಸತ್ವವನ್ನು ತತ್ತಿಯ ಭಂಡಾರ ಕೆಂಪೇರಲೆಂದು ಕೋಳಿ ಆಹಾರಕ್ಕೂ ಬೆರೆಸುತ್ತಾರೆ. ಗೋವಿನಜೋಳದ ಹಳದಿಯೂ ಹಾಗೆಯೇ ಭಂಡಾರಕ್ಕೆ, ಕಾಲು ಚರ್ಮಕ್ಕೆ ಇಳಿಯುತ್ತದೆ. ಊರುಕೋಳಿಗೆ ಆ ಹಳದಿ ಚರ್ಮದ ಗುಣ ಬಂದದ್ದು ನಮ್ಮ ಘಟ್ಟದ ಬೂದು ಕಾಡುಕೋಳಿಯ ಬೆರಕೆಯಿಂದ ಎಂದು 2008ರಲ್ಲಿ ವಂಶವಾಹಿ ಅಧ್ಯಯನವೊಂದು ತೋರಿಸಿತು. ಕ್ರಾಸಿಂಗ್ ಕೆಲಸ ಹೊಸದಲ್ಲ! ಆದರೆ ಮಳೆಗೆ ನೆನೆದು ಬೂಷ್ಟು ಹಿಡಿದ ಗೋವಿನಜೋಳವನ್ನು ಮಾತ್ರ ಕೋಳಿಗೆ ಚೆಲ್ಲಬೇಡಿ. ಅದರ ಅಫ್ಲಾಟಾಕ್ಸಿನ್ ವಿಷಕ್ಕೆ ಮರಿ ಬದುಕುವುದು ಕಷ್ಟ.

ಹೊಸಬರು ಎಣಿಸದ ಇನ್ನೊಂದು ಸಂಗತಿಯಿದೆ. ಹತ್ತು ಮರಿ ಬಂದರೆ ಸರಿಸುಮಾರು ಐದು ಹುಂಜ. ಹತ್ತು ಹೇಟೆಗೆ ಒಂದು ಹುಂಜ ಸಾಕಾಗಿರುವಾಗ ಉಳಿದವು ಊಟಕ್ಕೋ, ದ್ಯಾಮವ್ವ, ದುರ್ಗವ್ವನ ಜಾತ್ರೆಯ ಹೊತ್ತಿನ ಮಾರಾಟಕ್ಕೋ. ಇಟ್ಟುಕೊಂಡ ಒಂದು ಹುಂಜವೂ ಅದೇ ಮನೆಯಲ್ಲಿ ವರ್ಷಗಟ್ಟಲೆ ಇರಬಾರದು. ತನ್ನ ಮಗಳನ್ನೇ, ಮೊಮ್ಮಗಳನ್ನೇ ಕೂಡಿ ಮರಿಗಳು ಸೊರಗುತ್ತವೆ. ಬೇರೆ ಊರಿನ ನೆಂಟರ ಮನೆಯ ಹುಂಜದೊಂದಿಗೆ ಅದಲುಬದಲು ಮಾಡಿಕೊಳ್ಳಿ. ಹಳೆಯ ಹುಂಜದ ಬೀಜ ಹೇಟೆಯ ಒಡಲಲ್ಲಿ ಎರಡು ಮೂರು ವಾರ ಉಳಿಯುವುದರಿಂದ ಅಷ್ಟು ದಿನ ತತ್ತಿ ಎತ್ತಿಡದೆ ತಿಂದುಬಿಡಿ.

ಹದ್ದು, ಮುಂಗುಸಿ ಒಯ್ಯುವುದು ಒಂದೆರಡು. ಓಣಿಯನ್ನೇ ಖಾಲಿ ಮಾಡುವುದು ಕೊಕ್ಕರೆ ರೋಗ. 2020ರ ಮಾರ್ಚ್‌ನಲ್ಲಿ ಪಕ್ಕದ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಕಾಣಿಸಿ ದೊಡ್ಡ ಸುದ್ದಿಯಾಯಿತು. ಕೊಕ್ಕರೆ ರೋಗ ಮಾತ್ರ ಸುದ್ದಿಯಾಗದೆಯೇ ಬಂದು ಹೋಗುತ್ತದೆ. ಇದಕ್ಕೆ ಮದ್ದಿಲ್ಲ, ಲಸಿಕೆಯಿದೆ. ಐದರಿಂದ ಏಳನೇ ದಿನದೊಳಗೆ ಲಸೋಟ ಲಸಿಕೆಯ ಒಂದು ಹನಿ ಕಣ್ಣಿಗೆ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರ ಆರ್‌ಟುಬಿ ಚುಚ್ಚುಮದ್ದು. ತೊಡಕೆಂದರೆ ಲಸಿಕೆಯ ಸೀಸೆ ನೂರಾರು ಮರಿಗಳ ಅಳತೆಯದು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಹತ್ತು ಮರಿಯ ಮನೆಗೆ ಅದನ್ನು ಒಡೆಯುವವರಿಲ್ಲ. ಆದ್ದರಿಂದ ಮೊದಲ ಸಲ ಮರಿ ಮಾಡಿಸುವವರು ಬುಟ್ಟಿ ಹುಡುಕುವ ಮೊದಲು ಊರಿನ ಪಶು ಆಸ್ಪತ್ರೆಯಲ್ಲೋ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಲಸಿಕೆಯ ವಿಚಾರ ಕೇಳಿಕೊಳ್ಳಿ. ಆಮೇಲೆ ಓಣಿಯ ನಾಲ್ಕೈದು ಮನೆಯವರು ಮಾತಾಡಿಕೊಂಡು ಒಂದೇ ವಾರದಲ್ಲಿ ಹೇಟೆಗಳನ್ನು ಕಾವಿಗೆ ಕೂಡಿಸಿ.